ಪ್ರೋಗ್ರಾಂ ಮುಗಿದ ಮೇಲೆ

ನ್ಯೂಯಾರ್ಕ್ ರಾಜ್ಯದ ಉತ್ತರದ ತುದಿಯಲ್ಲಿ, ಸೇಂಟ್ ಲಾರೆನ್ಸ್ ನದಿಯ ದಂಡೆಗೆ ಆಗ್ಡೆನ್ಸ್‌ಬರ್ಗ್ ಎಂಬ ಚಿಕ್ಕ ಊರು. ಅಲ್ಲಿ ಪಾಳುಬಿದ್ದ ಒಂದು ಕಟ್ಟಡ. 'ಅಕಾಡೆಮಿ ಅಟ್ ಐವಿ ರಿಡ್ಜ್' ಎಂಬ ವಸತಿ ಸಂಸ್ಥೆ 2009ರಲ್ಲಿ ಅಲ್ಲಿಂದ ಗಂಟುಮೂಟೆ ಕಟ್ಟಿತು. ಕಟ್ಟಿದ ಗಂಟಿನಲ್ಲಿ ಕಾಗದಪತ್ರ ಮಾತ್ರ ಇರಲಿಲ್ಲ. ವರ್ಷಗಳ ನಂತರ ಅಲ್ಲಿನ ಹಳೆಯ ವಿದ್ಯಾರ್ಥಿನಿ, ಈಗ ಚಿತ್ರನಿರ್ದೇಶಕಿಯಾಗಿರುವ ಕ್ಯಾಥರಿನ್ ಕುಬ್ಲರ್ ತಮ್ಮ ಕಾಲದ ಕೆಲವರನ್ನು ಕರೆದುಕೊಂಡು ಒಳಗೆ ಹೋದಾಗ ಅವರ ಹೆಸರಿನ ಕಡತಗಳು ಹಾಗೇ ಬಿದ್ದಿದ್ದವು. ಸಿಬ್ಬಂದಿ ಮಕ್ಕಳನ್ನು ನೆಲಕ್ಕೆ ಕೆಡವಿ ಹಿಡಿಯುವ ಸಿಸಿಟಿವಿ ದೃಶ್ಯಗಳೂ ಸಿಕ್ಕವು.

2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ದಿ ಪ್ರೋಗ್ರಾಂ' ಸಾಕ್ಷ್ಯಚಿತ್ರದಲ್ಲಿ ಈ ಭಾಗ ಇದೆ. ಮೂವತ್ತು ದಾಟಿದ ಹೆಂಗಸರು, ಗಂಡಸರು ತಮ್ಮ ಹದಿನಾರನೆಯ ವಯಸ್ಸಿನ ಮೇಲೆ ಯಾರೋ ಬರೆದ ವರದಿಗಳನ್ನು ಓದುತ್ತಾರೆ. ನಡುನಡುವೆ ನಗುತ್ತಾರೆ ಕೂಡ. ನೋಡುವವರಿಗೆ ಅದು ವಿಚಿತ್ರ ಅನ್ನಿಸಬಹುದು. ಆದರೆ 'ನೀನು ಹೇಳುವುದೆಲ್ಲ ಸುಳ್ಳು' ಎಂದು ವರ್ಷಗಟ್ಟಲೆ ಕೇಳಿಸಿಕೊಂಡವರಿಗೆ, ನಡೆದದ್ದು ನಡೆದೇ ಇತ್ತು ಎಂದು ಹೇಳುವ ಒಂದು ಹಾಳೆ ಕೈಗೆ ಸಿಗುವುದು ಸಣ್ಣ ಸಂಗತಿಯಲ್ಲ.

ಅಮೆರಿಕದಲ್ಲಿ ದಾರಿ ತಪ್ಪಿದ ಹದಿಹರೆಯದವರನ್ನು ತಿದ್ದುತ್ತೇವೆ ಎನ್ನುವ ಇಂಥ ಸಂಸ್ಥೆಗಳದ್ದು ದೊಡ್ಡ ವ್ಯಾಪಾರ. ಮಗ ಗಾಂಜಾ ಸೇದಿದ, ಮಗಳು ರಾತ್ರಿ ಹೊತ್ತು ಮೀರಿ ಮನೆಗೆ ಬಂದಳು, ಶಾಲೆಗೆ ಚಕ್ಕರ್ ಹಾಕಿದಳು, ಕೈ ಕುಯ್ದುಕೊಂಡಳು. ಕಂಗಾಲಾದ ಅಪ್ಪ ಅಮ್ಮನಿಗೆ ಯಾರೋ ಒಂದು ಬಣ್ಣದ ಕರಪತ್ರ ಕೊಡುತ್ತಾರೆ. ಬೆಟ್ಟದ ತಪ್ಪಲು, ಕುದುರೆ ಸವಾರಿ, ನಗುಮುಖದ ಹುಡುಗರು. ಕೆಳಗೆ ಡಾಲರ್ ಲೆಕ್ಕದಲ್ಲಿ ದುಬಾರಿ ಶುಲ್ಕ. ಇದಲ್ಲದೆ ಸಾಕು ಕುಟುಂಬ ಸಿಗದ ಮಕ್ಕಳನ್ನು, ಬಾಲಾಪರಾಧಿಗಳನ್ನು ಸರ್ಕಾರವೇ ತನ್ನ ಖರ್ಚಿನಲ್ಲಿ ಕಳಿಸುತ್ತದೆ. ಎಲ್ಲ ಸೇರಿ ವರ್ಷಕ್ಕೆ 1,20,000ದಿಂದ 2,00,000 ಮಕ್ಕಳು ನಾನಾ ಬಗೆಯ ವಸತಿ ಕೇಂದ್ರಗಳಲ್ಲಿ ಇರುತ್ತಾರೆ ಎಂಬುದು ಅಲ್ಲಿ ಚಾಲ್ತಿಯಲ್ಲಿರುವ ಅಂದಾಜು. ಒಳಗಿದ್ದು ಬಂದವರು ಇವೆಲ್ಲವನ್ನೂ 'ಪ್ರೋಗ್ರಾಂ' ಎಂಬ ಒಂದೇ ಮಾತಿನಲ್ಲಿ ಕರೆಯುತ್ತಾರೆ.

ಇದರ ಬೇರು ಹುಡುಕಿದರೆ ಕ್ಯಾಲಿಫೋರ್ನಿಯಾದ ಸಿನನಾನ್‌ಗೆ ಹೋಗಿ ಮುಟ್ಟುತ್ತೇವೆ. ಕುಡಿತ ಬಿಟ್ಟ ಚಾರ್ಲ್ಸ್ ಡೆಡ್‌ರಿಕ್ ಎಂಬಾತ 1958ರಲ್ಲಿ ಮಾದಕವ್ಯಸನಿಗಳಿಗಾಗಿ ಶುರುಮಾಡಿದ ಸಂಸ್ಥೆ ಅದು. ಅಲ್ಲಿ 'ದಿ ಗೇಮ್' ಎಂಬ ಸಾಮೂಹಿಕ ಚಿಕಿತ್ಸೆ ಇತ್ತು. ವೃತ್ತಾಕಾರವಾಗಿ ಕೂತು ಒಬ್ಬನನ್ನು ನಡುವೆ ಹಾಕಿಕೊಂಡು, ಅವನು ಕುಸಿಯುವ ತನಕ ಎಲ್ಲರೂ ಬೈಯುವುದು. ಬರಬರುತ್ತಾ ಸಿನನಾನ್ ಒಂದು ಪಂಥವೇ ಆಯಿತು. 1978ರಲ್ಲಿ ತಮ್ಮ ವಿರುದ್ಧ ಮೊಕದ್ದಮೆ ಗೆದ್ದ ವಕೀಲರೊಬ್ಬರ ಅಂಚೆಪೆಟ್ಟಿಗೆಯಲ್ಲಿ ಅದರ ಸದಸ್ಯರು ಬುಡುಬುಡಿಕೆ ಹಾವು ಬಿಟ್ಟರು. ಕೊನೆಗೆ ಸಂಸ್ಥೆ ಹೋಯಿತು, ಆದರೆ ಅದಕ್ಕೂ ಮೊದಲೇ ವಿಧಾನ ಬೇರೆಡೆಗೆ ಹಬ್ಬಿತ್ತು. 1970ರಲ್ಲಿ ಫ್ಲಾರಿಡಾದಲ್ಲಿ 'ದಿ ಸೀಡ್', ಅದೇ ವರ್ಷ ಮೇನ್ ರಾಜ್ಯದಲ್ಲಿ 'ಎಲಾನ್ ಸ್ಕೂಲ್', 1976ರಲ್ಲಿ 'ಸ್ಟ್ರೇಟ್' ಬಂದವು. ದಿ ಸೀಡ್ ಬಳಸುವ ವಿಧಾನ ಕೊರಿಯಾ ಯುದ್ಧಕೈದಿಗಳ ಮೇಲೆ ನಡೆದ ಬ್ರೈನ್‌ವಾಷಿಂಗ್ ಅನ್ನು ಹೋಲುತ್ತದೆ ಎಂದು 1974ರಲ್ಲೇ ಅಮೆರಿಕದ ಸೆನೆಟ್ ಉಪಸಮಿತಿಯ ವರದಿ ಹೇಳಿತ್ತು. ಎಂಟು ವರ್ಷ ಕಳೆಯುವಷ್ಟರಲ್ಲಿ ಅದೇ ಧಾಟಿಯ ಸ್ಟ್ರೇಟ್‌ಗೆ ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ ಭೇಟಿಕೊಟ್ಟು ಹೊಗಳಿದರು. 1985ರಲ್ಲಿ ರಾಜಕುಮಾರಿ ಡಯಾನಾರನ್ನೂ ಕರೆತಂದರು.

ಒಳಗೆ ನಡೆಯುವುದೇನು? ಬಹಳಷ್ಟು ಮಂದಿಯ ಕಥೆ ನಸುಕಿನಲ್ಲಿ ಆರಂಭವಾಗುತ್ತದೆ. ಗಾಢ ನಿದ್ದೆಯಲ್ಲಿದ್ದಾಗ ಗುರುತಿಲ್ಲದ ಇಬ್ಬರು ದಾಂಡಿಗರು ಕೋಣೆಗೆ ನುಗ್ಗಿ 'ಸುಮ್ಮನೆ ಬರುತ್ತೀಯೋ, ಕೈಕೋಳ ಹಾಕಬೇಕೋ' ಎನ್ನುತ್ತಾರೆ. ಬಾಗಿಲ ಹೊರಗೆ ಅಪ್ಪ ಅಮ್ಮ ನಿಂತಿರುತ್ತಾರೆ. ಅಪಹರಣ ಎಂದುಕೊಂಡು ಕಿರುಚಿದ ಮಗುವಿಗೆ, ಹಣ ಕೊಟ್ಟು ಅವರನ್ನು ಕರೆಸಿದ್ದು ತನ್ನ ಹೆತ್ತವರೇ ಎಂದು ಗೊತ್ತಾಗುವ ಆ ಕ್ಷಣವನ್ನು ಅನೇಕರು ನಲವತ್ತರ ವಯಸ್ಸಿನಲ್ಲೂ ಮರೆತಿಲ್ಲ.

ಐವಿ ರಿಡ್ಜ್‌ನ ನಿಯಮಗಳನ್ನೇ ನೋಡಿ. ಅನುಮತಿ ಇಲ್ಲದೆ ಮಾತಾಡುವಂತಿಲ್ಲ. ಕಿಟಕಿಯಿಂದ ಹೊರಗೆ ನೋಡುವಂತಿಲ್ಲ. ಹುಡುಗರು ಹುಡುಗಿಯರತ್ತ, ಹುಡುಗಿಯರು ಹುಡುಗರತ್ತ ಕಣ್ಣು ಹಾಯಿಸುವಂತಿಲ್ಲ. ನಡೆಯುವಾಗ ಮೂಲೆ ಬಂದರೆ ಸಿಪಾಯಿಯಂತೆ ಗಕ್ಕನೆ ನಿಂತು ತಿರುಗಬೇಕು. ಎಲ್ಲದಕ್ಕೂ ಅಂಕ, ಅಂಕ ಕೂಡಿದರೆ ಮೇಲಿನ ಹಂತ. ಮನೆಗೆ ಫೋನ್ ಮಾಡಬೇಕಾದರೆ ಮೂರನೆಯ ಹಂತಕ್ಕೆ ಏರಬೇಕು. ಒಂದು ತಪ್ಪಿಗೆ ಅಷ್ಟೂ ಅಂಕ ಕಳೆದು ಮತ್ತೆ ಮೊದಲಿನಿಂದ ಶುರು. ಸ್ಟ್ರೇಟ್‌ನಲ್ಲಿ ಹೊಸಬರ ಪ್ಯಾಂಟಿನ ಬೆಲ್ಟ್ ಪಟ್ಟಿಯನ್ನು ಹಳಬರು ಹಿಂದಿನಿಂದ ಹಿಡಿದುಕೊಂಡೇ ಓಡಾಡಿಸುತ್ತಿದ್ದರು, ಶೌಚಾಲಯಕ್ಕೂ ಹಾಗೆಯೇ.

ಬರೆದ ಪತ್ರವನ್ನು ಸಿಬ್ಬಂದಿ ಓದುತ್ತಾರೆ. ಅದಕ್ಕಿಂತ ಜಾಣತನದ ಏರ್ಪಾಡು ಇನ್ನೊಂದಿದೆ: 'ಇಲ್ಲಿ ಹೊಡೆಯುತ್ತಾರೆ, ಕರೆದುಕೊಂಡು ಹೋಗಿ ಎಂದು ನಿಮ್ಮ ಮಗು ಬರೆಯುತ್ತದೆ, ನಂಬಬೇಡಿ, ಅದು ನಿಮ್ಮನ್ನು ಆಡಿಸುವ ತಂತ್ರ' ಎಂದು ಹೆತ್ತವರಿಗೆ ಮೊದಲ ದಿನವೇ ಹೇಳಿಬಿಡುವುದು. ಹೊಡೆತಕ್ಕಿಂತ ಇದು ಆಳಕ್ಕೆ ಇಳಿಯುತ್ತದೆ. ನಿಜ ಹೇಳಿದಷ್ಟೂ ಸುಳ್ಳುಗಾರನಾಗುತ್ತೇನೆ ಎಂದು ಕಲಿತ ಹುಡುಗ ಮುಂದೆ ಬಾಯಿಬಿಡುವುದಾದರೂ ಹೇಗೆ?

ಎಲ್ಲ ಕೇಂದ್ರಗಳೂ ಹೀಗೆಯೇ ಎನ್ನಲಾಗದು. ಆದರೆ ಇದು ಅಲ್ಲೊಂದು ಇಲ್ಲೊಂದು ಪ್ರಕರಣವೂ ಅಲ್ಲ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2007ರಲ್ಲಿ ಕೊಟ್ಟ ವರದಿಯಂತೆ, 2005 ಒಂದೇ ವರ್ಷದಲ್ಲಿ 33 ರಾಜ್ಯಗಳಲ್ಲಿ 1,619 ಸಿಬ್ಬಂದಿ ದೌರ್ಜನ್ಯದ ಪ್ರಕರಣಗಳಲ್ಲಿ ಸಿಕ್ಕಿಬಿದ್ದಿದ್ದರು. 2020ರಲ್ಲಿ ಮಿಶಿಗನ್‌ನ ಕೇಂದ್ರವೊಂದರಲ್ಲಿ ಸ್ಯಾಂಡ್‌ವಿಚ್ ಎಸೆದನೆಂದು ಹದಿನಾರರ ಹುಡುಗನನ್ನು ಹಲವರು ಸೇರಿ ನೆಲಕ್ಕೆ ಒತ್ತಿ ಹಿಡಿದರು. ಎರಡು ದಿನದ ನಂತರ ಆತ ಸತ್ತ. 2024ರ ಫೆಬ್ರುವರಿಯಲ್ಲಿ ನಾರ್ತ್ ಕ್ಯಾರೊಲಿನಾದ ಕಾಡು ಶಿಬಿರದಲ್ಲಿ ಹನ್ನೆರಡು ವರ್ಷದ ಮಗು ಬಂದ ಮರುಬೆಳಿಗ್ಗೆಯೇ ಶವವಾಗಿತ್ತು.

ಉಳಿದವರು ಮನೆಗೆ ಬರುತ್ತಾರೆ. ಅಲ್ಲಿಂದ ಮುಂದಿನದು ಯಾವ ಕರಪತ್ರದಲ್ಲೂ ಇರುವುದಿಲ್ಲ.

ಮೊದಲ ಏಟು ಕೆಲವೊಮ್ಮೆ ತೀರ ವ್ಯಾವಹಾರಿಕವಾದದ್ದು. ಐವಿ ರಿಡ್ಜ್‌ಗೆ ಪ್ರೌಢಶಾಲಾ ಡಿಪ್ಲೊಮಾ ಕೊಡುವ ಅಧಿಕಾರವೇ ಇರಲಿಲ್ಲ. 2005ರಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಕಚೇರಿ ಮಧ್ಯೆ ಬಂದು ದಂಡ ಹಾಕಿಸಿತು. ಕಾಲೇಜಿಗೆ ಅರ್ಜಿ ಹಾಕಹೊರಟವರ ಕೈಯಲ್ಲಿ ಬೆಲೆಯಿಲ್ಲದ ಕಾಗದ. ಊರಿನ ಗೆಳೆಯರು ಅಷ್ಟರಲ್ಲಿ ಮುಂದೆ ಹೋಗಿರುತ್ತಾರೆ. ಅವರ ಹಾಡು, ಸಿನಿಮಾ, ತಮಾಷೆ ಯಾವುದೂ ಇವರಿಗೆ ಗೊತ್ತಿಲ್ಲ. ನೀರು ಕುಡಿಯಲು ಏಳುವ ಮುನ್ನ ಅನುಮತಿ ಕೇಳುವ ಅಭ್ಯಾಸ ತಿಂಗಳುಗಟ್ಟಲೆ ಹೋಗುವುದಿಲ್ಲ.

ರಾತ್ರಿಗಳು ಬೇರೆ. ಹೋಟೆಲ್ ಸಾಮ್ರಾಜ್ಯದ ಮನೆಮಗಳು ಪ್ಯಾರಿಸ್ ಹಿಲ್ಟನ್ ಹದಿಹರೆಯದಲ್ಲಿ ಇಂಥ ಹಲವು ಕೇಂದ್ರಗಳಲ್ಲಿದ್ದರು. ಕೊನೆಯದು ಯೂಟಾದ ಪ್ರೊವೊ ಕ್ಯಾನಿಯನ್ ಶಾಲೆ. ಹದಿನೆಂಟು ತುಂಬಿ ಹೊರಬಂದ ಮೇಲೆ ಸುಮಾರು ಎರಡು ದಶಕ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಇಬ್ಬರು ಗಂಡಸರು ಕೋಣೆಗೆ ನುಗ್ಗುವ ಕನಸು ಮತ್ತೆ ಮತ್ತೆ ಬೀಳುತ್ತದೆ ಎಂದು ಅವರು ಹೇಳಿದ್ದು 2020ರ 'ದಿಸ್ ಈಸ್ ಪ್ಯಾರಿಸ್' ಸಾಕ್ಷ್ಯಚಿತ್ರದಲ್ಲಿ. ಅವರ ತಾಯಿಗೂ ಪೂರ್ತಿ ವಿಷಯ ತಿಳಿದದ್ದು ಆಗಲೇ. ಶಾಲೆಯ ಈಗಿನ ಮಾಲೀಕರು, ಸಂಸ್ಥೆ 2000ದಲ್ಲಿ ಕೈ ಬದಲಾಗಿದೆ, ಅದಕ್ಕೂ ಹಿಂದಿನದರ ಬಗ್ಗೆ ತಾವು ಹೇಳುವಂತಿಲ್ಲ ಎಂದರು.

ವೈದ್ಯಲೋಕ ಈ ಸ್ಥಿತಿಗೆ ಹೆಸರು ಕೊಟ್ಟಿದೆ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 'ಕಾಂಪ್ಲೆಕ್ಸ್ ಪಿಟಿಎಸ್‌ಡಿ' ಪ್ರತ್ಯೇಕ ಕಾಯಿಲೆಯಾಗಿ ಸೇರಿದೆ. ಒಂದು ಅಪಘಾತದಿಂದಾಗುವ ಆಘಾತ ಬೇರೆ. ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ ದಿನವೂ ಮರುಕಳಿಸುವ ಆಘಾತ ಬೇರೆ. ಎರಡನೆಯದು ದುಃಸ್ವಪ್ನ, ಬೆಚ್ಚಿಬೀಳುವಿಕೆಗಷ್ಟೇ ನಿಲ್ಲುವುದಿಲ್ಲ. ಸಿಟ್ಟು, ಅಳು ಹಿಡಿತಕ್ಕೆ ಸಿಗುವುದಿಲ್ಲ, ತಾನು ಯಾತಕ್ಕೂ ಬಾರದವನು ಎಂಬ ನಾಚಿಕೆ ಒಳಗೇ ಕುದಿಯುತ್ತದೆ, ಯಾರೊಂದಿಗೂ ಹತ್ತಿರವಾಗಲು ಆಗುವುದಿಲ್ಲ. ಕೆಲವರು ಕುಡಿತಕ್ಕೆ, ಮಾದಕ ವಸ್ತುಗಳಿಗೆ ಬೀಳುತ್ತಾರೆ. ಅದನ್ನು ಬಿಡಿಸಲೆಂದೇ ಪ್ರೋಗ್ರಾಂಗೆ ಹೋದವರೂ ಅವರಲ್ಲಿದ್ದಾರೆ. ನ್ಯೂಯಾರ್ಕಿನ ಹ್ಯಾನ್‌ಕಾಕ್‌ನಲ್ಲಿ 2014ರವರೆಗೆ ನಡೆದ ಫ್ಯಾಮಿಲಿ ಫೌಂಡೇಷನ್ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಮಾದಕ ವಸ್ತುಗಳ ಅತಿಸೇವನೆ, ಆತ್ಮಹತ್ಯೆಯಿಂದಾದ ಅಕಾಲಮರಣಗಳು ಕಳವಳ ಹುಟ್ಟಿಸುವಷ್ಟಿವೆ ಎಂದು 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಅಲ್ಲಿ ಓದಿದ ಲಿಜ್ ಇಯಾನೆಲ್ಲಿ, ಹೀಗೆ ಸತ್ತ ಸಹಪಾಠಿಗಳ ಲೆಕ್ಕ ಇಡುತ್ತಾ, ಬದುಕಿರುವವರನ್ನು ಹುಡುಕಿ ಮಾತಾಡಿಸುತ್ತಾ ಬಂದವರು. 2023ರಲ್ಲಿ ಆತ್ಮಕಥೆ ಬರೆದರು.

ಇಂಥವರಿಗೆ 'ಒಳ್ಳೆಯ ಥೆರಪಿಸ್ಟ್ ಬಳಿ ಹೋಗು' ಎನ್ನುವುದು ಸುಲಭ. ತೊಡಕು ಇರುವುದೇ ಅಲ್ಲಿ. ಪ್ರೋಗ್ರಾಂ ಇವರನ್ನು ನೋಯಿಸಿದ್ದು ಚಿಕಿತ್ಸೆಯ ಹೆಸರಿನಲ್ಲೇ. ಗುಂಪಿನಲ್ಲಿ ಕೂರಿಸಿ ಗುಟ್ಟು ಹೇಳಿಸಿ, ಮರುದಿನ ಅದನ್ನೇ ಹಿಡಿದು ಎಲ್ಲರೆದುರು ಹಣಿದಿದ್ದರು. ಹಾಗಾಗಿ ಮೆತ್ತನೆಯ ಕುರ್ಚಿ, ಮೃದುವಾದ ದನಿ, 'ಇಲ್ಲಿ ಏನು ಬೇಕಾದರೂ ಹೇಳಬಹುದು' ಎಂಬ ಭರವಸೆ ಕಂಡರೇ ಮೈ ಬಿಗಿಯಾಗುತ್ತದೆ. ಬೇರೆ ರೋಗಿಗಳಿಗೆ ಔಷಧಿಯಾಗುವ ಸಲಕರಣೆಗಳೇ ಇವರಿಗೆ ಆಯುಧವಾಗಿ ಪರಿಚಯವಾದವು. ಚೇತರಿಕೆ ಅನ್ನುವುದು ಇವರ ಮಟ್ಟಿಗೆ ಪ್ರೋಗ್ರಾಂ ಮಾಡಿದ್ದನ್ನು ಒಂದೊಂದಾಗಿ ತಿರುವುಮುರುವು ಮಾಡುವ ಕೆಲಸ.

ಹಾರ್ವರ್ಡ್‌ನ ಮನೋವೈದ್ಯೆ ಜೂಡಿತ್ ಹರ್ಮನ್ 1992ರ 'ಟ್ರಾಮಾ ಅಂಡ್ ರಿಕವರಿ'ಯಲ್ಲಿ ಚೇತರಿಕೆಗೆ ಮೂರು ಘಟ್ಟ ಹೇಳುತ್ತಾರೆ: ಮೊದಲು ಸುರಕ್ಷೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಜನರೊಂದಿಗೆ ಮರಳಿ ಬೆರೆಯುವುದು. ಎಲ್ಲಕ್ಕೂ ಮೂಲ, ಹಿಡಿತ ಮರಳಿ ಆ ವ್ಯಕ್ತಿಯ ಕೈಗೆ ಬರುವುದು. ಬೇರೆಯವರು ಎಷ್ಟು ಒಳ್ಳೆಯ ಮನಸ್ಸಿನಿಂದ ಮಾಡಿದರೂ, ಅವನ ಕೈಯಿಂದ ನಿರ್ಧಾರ ಕಿತ್ತುಕೊಂಡರೆ ಅದು ಚೇತರಿಕೆಯಾಗದು ಎಂಬುದು ಹರ್ಮನ್ ಅವರ ವಾದ. ವಿಷಯ ಬಲ್ಲ ಚಿಕಿತ್ಸಕರು ಇದನ್ನು ಚಿಕ್ಕ ಸಂಗತಿಗಳಿಂದ ಶುರುಮಾಡುತ್ತಾರೆ. ಯಾವ ಕುರ್ಚಿ ಎಂದು ಬಂದವರೇ ಆರಿಸಲಿ, ಬಾಗಿಲು ಅವರ ಕಣ್ಣಿಗೆ ಕಾಣಿಸುವಂತಿರಲಿ, ತಾನು ಏನು ಬರೆದುಕೊಳ್ಳುತ್ತಿದ್ದೇನೆ ಎಂದು ಕೇಳಿದರೆ ತೋರಿಸುವಂತಿರಲಿ. 'ಇವತ್ತು ಆ ವಿಷಯ ಬೇಡ' ಎಂದರೆ ಬೇಡ. ಅದಕ್ಕೆ ಅಂಕ ಕಳೆಯುವುದಿಲ್ಲ. ಎಷ್ಟೋ ಮಂದಿ ಬದುಕಿನಲ್ಲಿ ಮೊದಲ ಸಲ ಒಬ್ಬ ಹಿರಿಯರಿಗೆ 'ಇಲ್ಲ' ಎಂದು, ಅದರಿಂದ ಏನೂ ಅನಾಹುತ ಆಗದ್ದನ್ನು ನೋಡುವುದು ಇಂಥ ಕೋಣೆಯಲ್ಲೇ.

ನೆನಪಿನ ಕೆಲಸ ಅದರ ನಂತರದ್ದು. ಆಘಾತಕ್ಕೆಂದೇ ರೂಪಿಸಿದ ಅರಿವಿನ ಚಿಕಿತ್ಸೆ, ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಮುಂತಾದ ವಿಧಾನಗಳಿಗೆ ಒಳ್ಳೆಯ ಆಧಾರವಿದೆ. ಹಾಗೆಂದು ಎಲ್ಲರೂ ಎಲ್ಲವನ್ನೂ ಬಾಯಿಬಿಟ್ಟು ಹೇಳಲೇಬೇಕು ಎಂದೇನಿಲ್ಲ. ಬಲವಂತದ ತಪ್ಪೊಪ್ಪಿಗೆಯಲ್ಲಿ ಬೆಂದು ಬಂದವರಿಗೆ ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಮಾತಿಗಿಂತ ಬರಹ ಹಗುರ ಅನ್ನಿಸುವವರೂ ಇದ್ದಾರೆ. ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸತತ ನಾಲ್ಕು ದಿನ ಹದಿನೈದು ನಿಮಿಷ ತಮ್ಮ ನೋವಿನ ಬಗ್ಗೆ ಬರೆದ ಕಾಲೇಜು ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಕಡಿಮೆ ಹೋದರು. ಪರಿಣಾಮ ಭಾರಿ ದೊಡ್ಡದೇನಲ್ಲ. ಆದರೆ ಪ್ರತಿ ಪತ್ರವನ್ನೂ ಇನ್ನೊಬ್ಬರು ತಿದ್ದುತ್ತಿದ್ದ ಜಾಗದಿಂದ ಬಂದವರಿಗೆ, ಯಾರೂ ಓದದ ಒಂದು ನೋಟ್‌ಬುಕ್ ಇರುವುದಕ್ಕೆ ಬೇರೆಯೇ ಬೆಲೆ. ಎಲಾನ್ ಶಾಲೆಯಲ್ಲಿದ್ದ ಒಬ್ಬಾತ ಹೆಸರು ಮರೆಮಾಚಿಕೊಂಡು ಕಂತು ಕಂತಾಗಿ ಇಡೀ ಅನುಭವವನ್ನು ಕಾಮಿಕ್ ಮಾಡಿದ್ದಾನೆ. ಪತ್ರಕರ್ತ ಕೆನೆತ್ ರೋಸನ್ ತಾನೇ ಇದ್ದುಬಂದ ಲೋಕದ ಬಗ್ಗೆ 2021ರಲ್ಲಿ 'ಟ್ರಬಲ್ಡ್' ಪುಸ್ತಕ ಬರೆದರು.

ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು, ತನ್ನಂತೆಯೇ ಇದ್ದು ಬಂದ ಇನ್ನೊಬ್ಬರು ಸಿಕ್ಕಿದ್ದು. ಒಳಗೆ ಒಬ್ಬರ ಮೇಲೆ ಒಬ್ಬರನ್ನು ಚಾಡಿ ಹೇಳಲು ಬಿಟ್ಟಿದ್ದರು; ಗೆಳೆತನವೇ ಶಿಕ್ಷಾರ್ಹ. ಹೊರಗೆ ಬಂದು ಹತ್ತಾರು ವರ್ಷದ ಮೇಲೆ ಅದೇ ಹುಡುಗಿಯರು 'ನಿನ್ನ ಮೇಲೆ ದೂರು ಕೊಟ್ಟವಳು ನಾನೇ' ಎಂದು ಕ್ಷಮೆ ಕೇಳುತ್ತಾರೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೇಲಿನ ಹಂತಕ್ಕೆ ಏರಿದವರು ಕಿರಿಯರನ್ನು ಶಿಕ್ಷಿಸಲೇಬೇಕಿತ್ತು. ಆದ್ದರಿಂದ ಅನೇಕರ ಎದೆಯಲ್ಲಿ ನೋವಿನ ಜೊತೆ ಪಾಪಪ್ರಜ್ಞೆಯೂ ಇದೆ, ಮತ್ತು ಅದನ್ನು ಹೊರಗಿನವರ ಬಳಿ ಹೇಳಿಕೊಳ್ಳುವುದು ನೋವನ್ನು ಹೇಳಿಕೊಳ್ಳುವುದಕ್ಕಿಂತ ಕಷ್ಟ.

ಹೆತ್ತವರ ಮಾತಿಗೆ ಬರೋಣ. ಅವರನ್ನು ರಾಕ್ಷಸರು ಎಂದುಬಿಟ್ಟರೆ ಸುಲಭ. ಬಹುತೇಕರು ಮನೆ ಮೇಲೆ ಸಾಲ ತೆಗೆದು, ಮಗು ಸಾಯಬಾರದೆಂದು ಕಳಿಸಿದವರು. ಕುಬ್ಲರ್ ತಮ್ಮ ತಂದೆಯನ್ನೇ ಕ್ಯಾಮೆರಾ ಮುಂದೆ ಕೂರಿಸಿ ಕೇಳುತ್ತಾರೆ. ಹೆತ್ತವರಿಗೂ ಸೆಮಿನಾರ್‌ಗಳಿದ್ದವು, ಅವರನ್ನೂ ಅದೇ ಭಾಷೆಯಲ್ಲಿ ಅದ್ದಿ ತೆಗೆಯಲಾಗಿತ್ತು ಎಂಬುದು ಅಲ್ಲಿ ಬಿಚ್ಚಿಕೊಳ್ಳುತ್ತದೆ. 'ನಿನ್ನ ಒಳ್ಳೆಯದಕ್ಕೇ ಮಾಡಿದ್ದು' ಎಂಬ ಮಾತು ನಿಜವೇ ಇರಬಹುದು. ಆದರೆ ಮಗಳು ಕಥೆ ಹೇಳಲು ಬಾಯಿ ತೆರೆದಾಗ ಮೊದಲು ಆ ಮಾತು ಬಂದರೆ ಆಕೆಗೆ ಕೇಳಿಸುವುದು ಹಳೆಯ 'ನೀನು ಸುಳ್ಳಿ'ಯೇ. ಕೆಲವರು ಹೆತ್ತವರೊಂದಿಗೆ ರಾಜಿಯಾಗಿದ್ದಾರೆ, ಕೆಲವರು ಸಂಬಂಧ ಕಡಿದುಕೊಂಡು ನೆಮ್ಮದಿಯಾಗಿದ್ದಾರೆ. ಕ್ಷಮಿಸಿದರೇ ಗುಣವಾಗುವುದು ಎಂಬ ಉಪದೇಶ ಇವರಿಗೆ ಸಾಕಷ್ಟು ಆಗಿದೆ.

ಪ್ರೋಗ್ರಾಂ ನನ್ನ ಜೀವ ಉಳಿಸಿತು ಎನ್ನುವವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಹವಾಯಿಯ ಕವಾಯಿ ದ್ವೀಪದಿಂದ ಬಂದ ಒಂದು ಅಧ್ಯಯನವನ್ನು ಪಕ್ಕದಲ್ಲಿಟ್ಟು ನೋಡಬೇಕು. ಎಮ್ಮಿ ವರ್ನರ್ ಮತ್ತು ಸಂಗಡಿಗರು 1955ರಲ್ಲಿ ಆ ದ್ವೀಪದಲ್ಲಿ ಹುಟ್ಟಿದ 698 ಮಕ್ಕಳನ್ನು ನಡುವಯಸ್ಸಿನವರೆಗೂ ಹಿಂಬಾಲಿಸಿದರು. ಬಡತನ, ಕುಡುಕ ತಂದೆ, ಒಡೆದ ಮನೆ ಮುಂತಾದ ಕಷ್ಟಗಳ ನಡುವೆ ಬೆಳೆದವರಲ್ಲಿ ಮೂರನೆಯ ಒಂದು ಪಾಲು ಸಮರ್ಥರಾಗಿ ಬೆಳೆದರು. ಅವರ ಹಿಂದೆ ಸಾಮಾನ್ಯವಾಗಿ ಒಬ್ಬ ಅಜ್ಜಿಯೋ, ಮೇಷ್ಟ್ರೋ, ನೆರೆಮನೆಯವರೋ ಕೈಬಿಡದೆ ನಿಂತಿದ್ದರು. ಹೆಚ್ಚು ಕುತೂಹಲದ್ದು ಉಳಿದವರ ಕಥೆ. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲೂ ಬಹುಪಾಲು ಮಂದಿ ನಲವತ್ತರ ಹೊತ್ತಿಗೆ ನೆಲೆ ಕಂಡಿದ್ದರು. ಅವರನ್ನು ಎತ್ತಿದ್ದು ಮತ್ತೆ ಓದುವ ಅವಕಾಶ, ಒಂದು ಕಸುಬು, ಒಳ್ಳೆಯ ಸಂಗಾತಿ, ಕೆಲವರಿಗೆ ದೇವರ ನಂಬಿಕೆ. ಹಾಗಾದರೆ ಪ್ರೋಗ್ರಾಂ ತನ್ನ ಖಾತೆಗೆ ಬರೆದುಕೊಳ್ಳುವ ಯಶಸ್ಸಿನಲ್ಲಿ ವಯಸ್ಸಿನ ಪಾಲೆಷ್ಟು ಎಂದು ಕೇಳಲೇಬೇಕು. ಹೆದರಿಸಿ ಬೆದರಿಸಿ ತಿದ್ದುವ ಕ್ರಮ ಫಲ ಕೊಡುವುದಿಲ್ಲ, ಕೆಲವೊಮ್ಮೆ ಕೆಡಿಸುತ್ತದೆ ಎಂದು 2004ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆಸಿದ ತಜ್ಞರ ಸಮಿತಿಯೂ ಹೇಳಿತ್ತು. ಫಲ ಕೊಟ್ಟವುಗಳಲ್ಲಿ ಒಂದು, ಚಿಕಿತ್ಸಕರೇ ಮನೆಗೆ ಬಂದು ಇಡೀ ಕುಟುಂಬದೊಂದಿಗೆ ತಿಂಗಳುಗಟ್ಟಲೆ ಕೆಲಸ ಮಾಡುವ 'ಮಲ್ಟಿಸಿಸ್ಟೆಮಿಕ್ ಥೆರಪಿ'.

ನಮ್ಮ ಭಾರತದ ಕಾನೂನು ಈ ವಿಷಯದಲ್ಲಿ ಕಾಗದದ ಮೇಲಾದರೂ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೆಯ ಕಲಂ ಪ್ರಕಾರ, ಅಪ್ರಾಪ್ತರನ್ನು ಮಾನಸಿಕ ಚಿಕಿತ್ಸೆಗೆ ದಾಖಲಿಸಿದರೆ ಪೋಷಕರು ಅಥವಾ ಅವರು ನೇಮಿಸಿದವರು ಅಷ್ಟೂ ದಿನ ಜೊತೆಯಲ್ಲೇ ಇರಬೇಕು, ದೊಡ್ಡವರ ವಾರ್ಡಿನಲ್ಲಿ ಇಡುವಂತಿಲ್ಲ, ತಿಂಗಳು ಮೀರಿದರೆ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಅಮೆರಿಕದ ಪ್ರೋಗ್ರಾಂಗಳು ಮೊದಲು ಕತ್ತರಿಸುವ ಎಳೆಯನ್ನೇ ಇಲ್ಲಿ ಕಡ್ಡಾಯ ಮಾಡಲಾಗಿದೆ.

ಅಮೆರಿಕದಲ್ಲಿ ಕಾನೂನು ಬದಲಾದದ್ದು ಬದುಕಿಬಂದವರ ಸಾಕ್ಷ್ಯದಿಂದ. ಹಿಲ್ಟನ್ 2021ರ ಫೆಬ್ರುವರಿಯಲ್ಲಿ ಯೂಟಾ ಸೆನೆಟ್ ಸಮಿತಿಯ ಮುಂದೆ ಕೂತು ಹೇಳಿಕೆ ಕೊಟ್ಟರು. ಮರುತಿಂಗಳೇ ರಾಜ್ಯಪಾಲರು ಸಹಿ ಹಾಕಿದ ಕಾಯ್ದೆ ವರ್ಷಕ್ಕೆ ನಾಲ್ಕು ತಪಾಸಣೆ, ಮನೆಯವರೊಂದಿಗೆ ವಾರಕ್ಕೊಮ್ಮೆ ಯಾರೂ ಕದ್ದು ಕೇಳದ ಮಾತುಕತೆ ಕಡ್ಡಾಯ ಮಾಡಿತು. ಮಿಸೌರಿಯಲ್ಲಿ ಧಾರ್ಮಿಕ ವಸತಿಶಾಲೆಗಳು ಸರ್ಕಾರದ ಪರವಾನಗಿಯೇ ಇಲ್ಲದೆ ನಡೆಯುತ್ತಿದ್ದವು. ಹಳೆಯ ವಿದ್ಯಾರ್ಥಿಗಳು ದನಿಯೆತ್ತಿದ ಮೇಲೆ ಅದೇ ವರ್ಷ ಅಲ್ಲಿಯೂ ನೋಂದಣಿ ಕಾನೂನು ಬಂತು, 2023ರ ಜನವರಿಯಲ್ಲಿ ಅಗಪೆ ಎಂಬ ಹೆಸರಾಂತ ಶಾಲೆ ಮುಚ್ಚಿತು. 2024ರ ಡಿಸೆಂಬರ್‌ನಲ್ಲಿ ಎರಡೂ ಪಕ್ಷಗಳ ಬೆಂಬಲದಿಂದ ಕೇಂದ್ರ ಸರ್ಕಾರದ ಕಾಯ್ದೆಯೂ ಅಂಗೀಕಾರವಾಯಿತು. ಅದು ಯಾವ ಶಾಲೆಯನ್ನೂ ಮುಚ್ಚುವುದಿಲ್ಲ, ನಸುಕಿನಲ್ಲಿ ಮಕ್ಕಳನ್ನು ಎತ್ತಿಕೊಂಡು ಹೋಗುವುದನ್ನೂ ನಿಲ್ಲಿಸುವುದಿಲ್ಲ. ಈ ಕೇಂದ್ರಗಳ ಒಳಗೆ ಏನು ನಡೆಯುತ್ತಿದೆ ಎಂದು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಅಧ್ಯಯನ ಮಾಡಿ ವರದಿ ಕೊಡಬೇಕು ಎಂದಷ್ಟೇ ಹೇಳುತ್ತದೆ. ಪರವಾನಗಿ ಕೊಡುವ, ಕಸಿದುಕೊಳ್ಳುವ ಅಧಿಕಾರ ಇನ್ನೂ ರಾಜ್ಯಗಳದ್ದೇ. ಆದ್ದರಿಂದ ಒಂದೊಂದೇ ರಾಜ್ಯದ ಶಾಸನಸಭೆಯ ಬಾಗಿಲು ತಟ್ಟಿ, ಸಮಿತಿಯ ಮುಂದೆ ಸರದಿಯಲ್ಲಿ ಕೂತು ಹೇಳಿಕೆ ಕೊಡುವ ಕೆಲಸವನ್ನು ಬದುಕಿಬಂದವರು ಮುಂದುವರಿಸಿದ್ದಾರೆ.